ಹುಣಸೆ ತೋಪಿನ ನಿದ್ದೆ

ಕೊರಟಗೆರೆಯ ಏರು

ಘಟ್ಟ ಹತ್ತಿ ಮಹಾರಾಜರ ಸೀಮೆಗೆ ಬಂದವರಿಗೆ ಮೊದಲು ಕಾಣೆಯಾಗುವುದು ಸದ್ದು. ನಮ್ಮ ಮಂಗಳೂರಿನಲ್ಲಿ ಯಾವ ಹೊತ್ತಿನಲ್ಲೂ ಏನಾದರೊಂದು ಕೇಳುತ್ತಲೇ ಇರುತ್ತದೆ: ಕಡಲಿನ ಮೊರೆತ, ತೆಂಗಿನ ಗರಿಯ ಸರಸರ, ಹಂಚಿನ ಕಾರ್ಖಾನೆಯ ಶಿಳ್ಳೆ. ರೂಢಿಯಾಗಿ ನಾವು ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಕೊರಟಗೆರೆ ಇನ್ನೂ ಒಂದು ಹರದಾರಿ ಇರುವಾಗ ನಮ್ಮ ಬಸ್ಸು ಏರಿನಲ್ಲಿ ಉಸಿರುಗಟ್ಟಿ ನಿಂತಿತು. ಆಗ ಸುತ್ತಲೂ ಕವಿದ ನಿಶ್ಶಬ್ದಕ್ಕೆ ನನ್ನ ಕಿವಿಯೇ ಕೆಟ್ಟಿತೋ ಎಂದು ತಲೆ ಕೊಡವಿಕೊಂಡೆ.

ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸಿನ ಬೆನ್ನಿಗೆ ಇದ್ದಿಲ ಒಲೆ ಕಟ್ಟಿ, ಅದರ ಗ್ಯಾಸಿನಿಂದ ಓಡಿಸುತ್ತಿದ್ದರು. ಏರು ಬಂದರೆ ಒಲೆ ಸೋಲುತ್ತಿತ್ತು. ಎಲ್ಲರೂ ಇಳಿದು ರಸ್ತೆಬದಿಯ ಬಂಡೆಗಳ ಮೇಲೆ ಕುಳಿತೆವು. ಕ್ಲೀನರು ಕಬ್ಬಿಣದ ಸಲಾಕೆಯಿಂದ ಒಲೆ ಕೆದಕುತ್ತಿದ್ದ. ಬಂಡೆ ಬಿಸಿಯಾಗಿತ್ತು, ಬಿಸಿಲು ಮಾತ್ರ ಹಿತವಾಗಿತ್ತು. ಇಲ್ಲಿ ಬೆವರು ಬರುವುದಿಲ್ಲ. ಬರುವ ಮೊದಲೇ ಗಾಳಿ ಕುಡಿದುಬಿಡುತ್ತದೆ.

ಪಕ್ಕದಲ್ಲಿ ಕುಳಿತಿದ್ದ ಮುದುಕರು ಕೇಳಿದರು: “ಯಾವೂರಾಯ್ತಮ್ಮ?”

“ಮಂಗಳೂರು. ಸಮುದ್ರ ಉಂಟಲ್ಲ, ಅಲ್ಲಿ.”

“ಉಂಟಾ!” ಎಂದು ಅವರು ನಕ್ಕರು. ನಮ್ಮ ‘ಉಂಟು’ ಇವರಿಗೆ ಪುರಾಣದ ಮಾತಿನಂತೆ ಕೇಳುತ್ತದೆ. ಸ್ವಲ್ಪ ಹೊತ್ತು ಯೋಚಿಸಿ, “ಅಲ್ಲ ಕಣಮ್ಮ, ಅದು ಬೇಸ್ಗೇಲಿ ಬತ್ತಾಕಿಲ್ವಾ?” ಎಂದರು.

ಇಲ್ಲ, ಸಮುದ್ರ ಬತ್ತುವುದಿಲ್ಲ ಎಂದೆ. ಅವರು ನನ್ನನ್ನು ಮರುಕದಿಂದ ನೋಡಿದರು. ಸುಳ್ಳು ಹೇಳುತ್ತಿದ್ದೇನೆ ಎಂದು ಅನ್ನಿಸಿದ್ದಿರಬೇಕು. ಅಥವಾ ನಾನೇ ಬೇಸಿಗೆಯಲ್ಲಿ ಸರಿಯಾಗಿ ಹೋಗಿ ನೋಡಿಲ್ಲ ಎಂದು.

ನಮ್ಮೂರಿನವರಿಗೆ ಇದು ಪರದೇಶವೇ. ನಮ್ಮ ತಹಶೀಲ್ದಾರ ಇಲ್ಲಿ ಅಮಲ್ದಾರ. ಅಂಗಡಿ ಅಂಗಡಿಯಲ್ಲೂ ಜರಿ ಪೇಟದ ಮಹಾರಾಜರ ಪಟ, ಅದಕ್ಕೊಂದು ಹೂವು. ಮಾತೂ ಕನ್ನಡವೇ, ಆದರೂ ಪ್ರತಿ ವಾಕ್ಯವನ್ನೂ ಇಬ್ಬರೂ ಎರಡೆರಡು ಸಲ ಹೇಳಬೇಕಾಗುತ್ತಿತ್ತು. ಒಲೆ ಹೊತ್ತಿ ಬಸ್ಸು ಕೂಗಿಕೊಂಡಾಗ ನಾನು ಬಂಡೆಯ ಮೇಲೆ ಅರೆಗಣ್ಣು ಮುಚ್ಚಿದ್ದೆ. ಏಳಲು ಮನಸ್ಸೇ ಇರಲಿಲ್ಲ.

ಮಧುಗಿರಿ

ಮಧುಗಿರಿಯ ಬೆಟ್ಟವನ್ನು ವರ್ಣಿಸಲು ನನಗೆ ಬಾರದು. ಒಂದೇ ಕಲ್ಲು, ಊರಿನ ಮೇಲೆ ಎದ್ದು ನಿಂತಿದೆ. ಅದರ ನೆತ್ತಿಯವರೆಗೂ ಕೋಟೆಯ ಗೋಡೆ ಹತ್ತಿ ಹೋಗಿದೆ. ನಮ್ಮ ಕಡೆಯ ಗುಡ್ಡಗಳಿಗೆ ಹುಲ್ಲಿನ, ಮರದ ಹೊದಿಕೆಯಿರುತ್ತದೆ. ಇದು ಬರಿಮೈ. ಬೆಳಗ್ಗೆ ಬೂದು, ಮಧ್ಯಾಹ್ನ ಬಿಳುಪು, ಸಂಜೆಗೆ ಹಸುವಿನ ಮೈಯ ಕಂದು. ನೋಡುತ್ತ ನಿಂತರೆ ಅದೇ ಮೆಲ್ಲಗೆ ಉಸಿರಾಡುತ್ತಿರುವಂತೆ ಅನ್ನಿಸುತ್ತಿತ್ತು.

ಅಲ್ಲಿಯ ಕ್ರೈಸ್ತ ಸಭೆ ಚಿಕ್ಕದು. ಹಂಚು ಹೊದಿಸಿದ ಒಂದು ಪ್ರಾರ್ಥನೆಯ ಗುಡಿ, ಹಿಂದೆ ಹುಣಸೆ ತೋಪು. ಸಭೆಯ ಪಾದ್ರಿಗಳಾದ ಅಯ್ಯನವರು ವಯಸ್ಸಾದವರು, ಮೃದು ಮಾತಿನವರು. ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಒಂದೊಂದು ಮನೆ, ಎರಡೆರಡು ಮನೆಯಾಗಿ ಚದುರಿರುವ ಕ್ರೈಸ್ತ ಹೆಂಗಸರನ್ನು ಒಂದು ಕಡೆ ಸೇರಿಸಿ ಮೂರು ದಿನ ವೇದಪಾಠ, ಕೀರ್ತನೆ, ಪ್ರಾರ್ಥನೆ ನಡೆಸಬೇಕೆಂಬುದು ಅವರ ಬಹುಕಾಲದ ಆಸೆ. ಪಾಠ ಹೇಳಲು, ಹಾಡಿಸಲು ಒಬ್ಬ ಹೆಂಗಸು ಬೇಕಿತ್ತು. ನಾನು ಹೆಣ್ಣುಮಕ್ಕಳ ಶಾಲೆಯ ಟೀಚರು, ಒಂಟಿ, ಗಂಟಲು ಚೆನ್ನಾಗಿದೆ. ಹಾಗಾಗಿ ನಮ್ಮ ಸಭೆಯವರು ನನ್ನನ್ನೇ ಕಳಿಸಿದ್ದರು.

ಹಳ್ಳಿಗಳಿಗೆ ಹೋಗಿ ಹೆಂಗಸರನ್ನು ಕರೆಯಲು ನನ್ನ ಜೊತೆಗೆ ಬಂದವರು ಎಲಿಸಬೇತಮ್ಮ. ಮನೆಮನೆಗೆ ನಡೆದು ಪಾಠ ಹೇಳುವುದು ಅವರ ಕೆಲಸ. ಹಳ್ಳಿಯವರು ಅವರನ್ನು ‘ವೇದದಮ್ಮ’ ಎನ್ನುತ್ತಿದ್ದರು. ಎತ್ತರದ ಹೆಂಗಸು, ಗಂಡ ತೀರಿಕೊಂಡವರು, ನಾಲಿಗೆ ಚುರುಕು. ಮೊದಲ ದಿನವೇ ನನಗೆ ಕಾಫಿ ಕೊಡುತ್ತ ಹೇಳಿದರು:

“ಕೂಟದ ಎರಡನೇ ದಿನ ಪಟ್ಟಣದಿಂದ ಮಿಶನ್ ಹಿರೀರು ಬತ್ತಾರೆ ಟೀಚರಮ್ಮ. ಬಿಳೀ ಮಿಸ್ಸಮ್ಮನೂ ಬತ್ತಾರಂತೆ. ಕೂಟ ಚೆಂದಾಗಿ ನಡದ್ರೆ ನಾನು ಇಲ್ಲೇ ಇರ್ಬೌದು. ಇಲ್ದಿದ್ರೆ ಈ ಕಡೆ ಕೆಲ್ಸ ನಿಲ್ಸಿ ನನ್ನ ಎಲ್ಲೋ ಆಸ್ಪತ್ರೆ ವಾರ್ಡಿಗೆ ಹಾಕ್ತಾರಂತೆ.”

“ಚೆನ್ನಾಗಿಯೇ ನಡೆಯುತ್ತದೆ” ಎಂದೆ. ನನ್ನ ಬಳಿ ಗಂಟೆಗಂಟೆಗೂ ಪಾಠ ಸಿದ್ಧವಿತ್ತು. ಮೂರನೆಯ ದಿನಕ್ಕೆ ಪರೀಕ್ಷೆಯನ್ನೂ ಇಟ್ಟುಕೊಂಡಿದ್ದೆ.

ಪಾವಗಡದ ದಾರಿ

ಶಿರಾದ ರಸೂಲ್ ಸಾಬರ ಗಾಡಿಯನ್ನು ಗೊತ್ತುಮಾಡಿದ್ದರು. ಸಾಬರಿಗೆ ಎತ್ತುಗಳ ಜೊತೆ ಉರ್ದು, ನಮ್ಮ ಜೊತೆ ಕನ್ನಡ, ತಮ್ಮ ಜೊತೆ ಒಂದು ಗುನುಗು. ಐ.ಡಿ.ಹಳ್ಳಿಯಲ್ಲಿ ಒಂದು ಮನೆ, ಮುಂದೆ ಎರಡು ಮನೆ. ಎಲ್ಲಿ ನೋಡಿದರೂ ಬಂಡೆ, ಬಂಡೆಯ ಸಂದಿಯಲ್ಲಿ ಸೀತಾಫಲದ ಗಿಡ, ದೂರದಲ್ಲಿ ಇನ್ನೊಂದು ಕೋಟೆಯ ಬೆಟ್ಟ. ಗಾಡಿಯ ಕುಲುಕಾಟದಲ್ಲಿ ನಿದ್ದೆ ಬಂದಂತಾಗಿ, ಎಚ್ಚರವಾದಾಗಲೂ ಅದೇ ಬೆಟ್ಟ ಅಲ್ಲೇ ಇರುತ್ತಿತ್ತು.

ಒಂದು ಕಡೆ ಸಾಬರು ಚಾವಟಿಯಿಂದ ತೋರಿಸಿ, “ಇಲ್ಲಿಂದ ಕಂಪ್ನಿ ಸರ್ಕಾರ ಅಮ್ಮಾ, ನಿಮ್ದೇ ಮುಲ್ಕ್” ಎಂದರು. ಪಾವಗಡವು ಮೈಸೂರಿನದೇ ಆದರೂ ಅದರ ಸುತ್ತ ನಮ್ಮ ಮಂಗಳೂರಿನಂತೆಯೇ ಬ್ರಿಟಿಷರಿಗೆ ಸೇರಿದ ನೆಲ ಹಬ್ಬಿಕೊಂಡಿದೆ. ಅದನ್ನು ದಾಟಿಯೇ ಹೋಗಬೇಕು. ನಾನು ನೆಟ್ಟಗೆ ಕುಳಿತು ನೋಡಿದೆ. ಅದೇ ಮಣ್ಣು, ಅದೇ ಮೇಕೆಗಳು. ಸ್ವಲ್ಪ ದೂರ ಹೋದ ಮೇಲೆ, “ಹಾಂ, ಇನ್ನು ಮಹಾರಾಜ್ರದು” ಎಂದರು. ಎತ್ತುಗಳು ತಲೆಯನ್ನೂ ಎತ್ತಲಿಲ್ಲ. ಮಧ್ಯಾಹ್ನದೊಳಗೆ ನಾನು ನನ್ನ ದೇಶಕ್ಕೆ ಹೋಗಿ ಮತ್ತೆ ಪರದೇಶಕ್ಕೆ ಬಂದಿದ್ದೆ!

ತಿರುಮಣಿಯಲ್ಲಿ ಸಂತೋಷಮ್ಮ ಎಂಬ ಸೊಸೆ ಇದ್ದಳು. ಬೆನ್ನಿಗೆ ಕೂಸು ಕಟ್ಟಿಕೊಂಡು ಕಡಲೆಕಾಯಿ ಸುಲಿಯುತ್ತಿದ್ದಳು. ಅತ್ತೆ ಒಳಗಿನಿಂದಲೇ ಕೂಗಿದರು: “ಮೂಡು ದಿನಾಲಾ? ಅಯ್ಯೋ ದೇವುಡಾ! ಅಲ್ಲೀತಂಕ ರಾಗಿ ಬೀಸೋರು ಎವರು? ನೀರು ತರೋರು ಎವರು?”

ಎವರು ಎಂದರೆ ಯಾರು ಎಂದು ಎಲಿಸಬೇತಮ್ಮ ನನ್ನ ಕಿವಿಯಲ್ಲಿ ಹೇಳಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ನೇರವಾಗಿ ಬೀಸುವ ಕಲ್ಲಿನ ಮುಂದೆ ಕುಳಿತರು. “ಮೂರು ದಿನದ ಹಿಟ್ಟು ಈಗ್ಲೇ ಬೀಸ್ಕೊಡ್ತೀವಿ ಕಣತ್ತೆ. ಆಗ ಕಳಸ್ತೀಯ?”

ನಾನೂ ಗೂಟ ಹಿಡಿದೆ. ನಮ್ಮಲ್ಲಿ ಕುಚ್ಚಲಕ್ಕಿಯ ಗಂಜಿ. ಬೀಸುವ ಕಲ್ಲಿನ ಮುಂದೆ ನಾನು ಎಂದೂ ಕುಳಿತವಳಲ್ಲ. ಸ್ವಲ್ಪ ಹೊತ್ತಿಗೆ ಅಂಗೈಯಲ್ಲಿ ಬೊಬ್ಬೆ ಎದ್ದಿತು. ನನ್ನ ಕಡೆ ಹಿಟ್ಟಿನ ಬದಲು ನುಚ್ಚು ಬೀಳುವುದನ್ನು ಕಂಡು ಅತ್ತೆಗೆ ನಗು ತಡೆಯಲಾಗಲಿಲ್ಲ. ನನ್ನನ್ನು ಎಬ್ಬಿಸಿ ಸಂತೋಷಮ್ಮ ಕುಳಿತಳು. ಅವಳ ಕೈ ಗೂಟಕ್ಕೆ ತಾಗಿದ್ದೇ ತಡ ಕಲ್ಲು ಹಗುರಾಗಿ ತಿರುಗಿತು. ಅವಳು ಕಣ್ಣು ಅರ್ಧ ಮುಚ್ಚಿಕೊಂಡು ಬೀಸುತ್ತಿದ್ದಳು. ದಿನವೂ ಕೋಳಿ ಕೂಗುವ ಮೊದಲೇ ಏಳುತ್ತಾಳಂತೆ. ಮಲಗುವುದು ಯಾವಾಗ ಎಂದು ಕೇಳಿದೆ. “ಎಲ್ಲಾ ಆದ್ಮೇಲೆ” ಎಂದಳು.

ಅತ್ತೆ ಒಪ್ಪಿದರು. ಉಳಿದ ಮನೆಗಳಲ್ಲೂ ಇದೇ ಕಥೆ. ಬೀಸಿಕೊಟ್ಟೆವು, ಸೌದೆ ಒಟ್ಟಿಕೊಟ್ಟೆವು, ಒಂದು ಮನೆಯಲ್ಲಿ ಸಾಬರು ಮೇಕೆ ಹಾಲು ಕರೆದುಕೊಟ್ಟರು. ಕೊನೆಗೆ ಅಂತೂ ಗಾಡಿ ತುಂಬಿತು. ಶಿರಾ ಕಡೆಯಿಂದ, ಕೊರಟಗೆರೆ ಕಡೆಯಿಂದ ನಡೆದುಕೊಂಡೇ ಕೆಲವರು ಬಂದರು. ನೆರೆಮನೆಯ ಹಿಂದೂ ಹೆಂಗಸರು ಕೆಲವರು, ನೋಡಿಬರೋಣವೆಂದು ಜೊತೆಗೆ ಬಂದಿದ್ದರು.

ಕೂಟದ ಮೊದಲ ದಿನ

ಅಯ್ಯನವರು ಒಂದು ವಿಶೇಷ ಏರ್ಪಾಡು ಮಾಡಿದ್ದರು. ಮೂರು ದಿನವೂ ಅಡುಗೆ, ನೀರು, ಪಾತ್ರೆ ಎಲ್ಲ ಸಭೆಯ ಗಂಡಸರದೇ. ಹೆಂಗಸರು ಪಾಠಕ್ಕೆ ಗಮನ ಕೊಡಲಿ ಎಂದು. ಬೆಳಗ್ಗೆ ಬಂದಿಳಿದ ಹೆಂಗಸರು ಮೊದಲು ಒಲೆ ಎಲ್ಲಿ ಎಂದು ಹುಡುಕಿದರು. ಒಲೆಯ ಮುಂದೆ ಅಯ್ಯನವರೇ ಪಂಚೆ ಎತ್ತಿ ಕಟ್ಟಿ ಮುದ್ದೆ ತಿರುವುತ್ತಿರುವುದನ್ನು ಕಂಡು ಬಾಯಿಗೆ ಸೆರಗು ಒತ್ತಿ ನಕ್ಕರು. ಮುದ್ದೆಯಲ್ಲಿ ಗಂಟುಗಳಿದ್ದವು. ಆದರೂ ಕುಳಿತಲ್ಲಿಗೇ ಎಲೆ ಬಂದಾಗ, ಬಡಿಸುವವರು ಬೇರೆಯವರಾದಾಗ, ಅವರೆಲ್ಲ ನಿಧಾನವಾಗಿ ಉಂಡರು.

ಊಟವಾದ ಮೇಲೆ ಹುಣಸೆ ತೋಪಿನಲ್ಲಿ ಈಚಲು ಚಾಪೆ ಹಾಸಿ ನನ್ನ ಮೊದಲ ಪಾಠ. ವಿಷಯ: ಎಚ್ಚರವಾಗಿದ್ದು ಪ್ರಾರ್ಥಿಸುವುದು.

ಕಾಯಿ ಮಾಗುವ ಕಾಲ. ಗಾಳಿ ಬೀಸಿದಾಗ ಹುಣಸೆಹಣ್ಣು ಒಂದೊಂದಾಗಿ ತರಗೆಲೆಯ ಮೇಲೆ ಬೀಳುತ್ತಿತ್ತು. ಬಿಸಿಲು ಎಲೆಗಳ ನಡುವೆ ಸೋಸಿ ಚಾಪೆಯ ಮೇಲೆ ಪುಡಿಪುಡಿಯಾಗಿ ಅಲುಗುತ್ತಿತ್ತು. ‘ಜಾಗರೂಕರಾಗಿರಬೇಕು’ ಎಂದು ನಾನು ಹೇಳುತ್ತಿರುವಾಗಲೇ ಮುಂದಿನ ಸಾಲಿನ ಒಬ್ಬಾಕೆ ಪಕ್ಕದವಳ ಭುಜಕ್ಕೆ ಒರಗಿದಳು. ಪಕ್ಕದವಳು ಆಗಲೇ ಒರಗಿದ್ದಳು. ನಾನು ಧ್ವನಿ ಏರಿಸಿದೆ. ಕೀರ್ತನೆ ಎತ್ತಿದೆ. ಅದು ಇನ್ನೂ ಕೆಟ್ಟದಾಯಿತು. ನನ್ನ ಒಳ್ಳೆಯ ಗಂಟಲು ಜೋಗುಳವಾಗಿಬಿಟ್ಟಿತು. ಹಾಡು ಮುಗಿಯುವಾಗ ತೋಪಿನಲ್ಲಿ ಕುಳಿತಿದ್ದವರು ನಾನು ಮತ್ತು ಎಲಿಸಬೇತಮ್ಮ ಇಬ್ಬರೇ.

ನನಗೆ ಅಳು ಬಂದಂತಾಯಿತು. ಎಲಿಸಬೇತಮ್ಮನಿಗೆ ಸಿಟ್ಟು ಬಂದಿತ್ತು. “ಏಳ್ರೇ! ಇಲ್ಲಿಗೆ ಮಲೀಕ್ಕಳಾಕ್ ಬಂದ್ರಾ?” ಎಂದು ಒಬ್ಬೊಬ್ಬರ ತೋಳು ಹಿಡಿದು ಅಲುಗಿಸತೊಡಗಿದರು. ಅವರು ಸಂತೋಷಮ್ಮನ ಹತ್ತಿರ ಹೋಗುವಾಗ ನಾನೂ ಹಿಂದೆ ಹೋದೆ. ಅವಳು ಮಗ್ಗುಲಾಗಿ ಮಲಗಿದ್ದಳು, ಕೂಸು ಎದೆಗೆ ಅಂಟಿಕೊಂಡಿತ್ತು. ಬಲಗೈ ಮಾತ್ರ ಚಾಪೆಯ ಮೇಲೆ ಮೆಲ್ಲಗೆ, ಗುಂಡಗೆ ತಿರುಗುತ್ತಿತ್ತು. ನಿದ್ದೆಯಲ್ಲೂ ಬೀಸುತ್ತಿದ್ದಳು.

ನಾವು ನೋಡುತ್ತ ನಿಂತಂತೆ ಆ ಕೈ ನಿಧಾನವಾಯಿತು, ಮತ್ತೂ ನಿಧಾನವಾಯಿತು, ನಿಂತಿತು.

“ಬಿಡಿ ಎಲಿಸಬೇತಮ್ಮನವರೇ, ಎಬ್ಬಿಸುವುದು ಬೇಡ” ಎಂದೆ.

ಅವರು ನನ್ನ ಕಡೆ ತಿರುಗಿದರು. “ನಿಮ್ಗೇನ್ ಬುಡಿ ಟೀಚರಮ್ಮ. ನೀವು ನಿಮ್ಮೂರಿಗೆ ಹೊಂಟೋಯ್ತೀರಾ. ನಾಳೆ ಹಿರೀರ ಮುಂದೆ ನಿಂತ್ಕಳೋಳು ನಾನು.”

ಅವರು ಹೇಳಿದ್ದು ನಿಜ. ಇನ್ನೊಬ್ಬರ ಅನ್ನವನ್ನು ಪಣಕ್ಕಿಟ್ಟು ಮರುಕ ತೋರಿಸುವುದು ಸುಲಭ. ಇಬ್ಬರೂ ಬೇರೆ ಬೇರೆ ಮರಕ್ಕೆ ಒರಗಿ ಕುಳಿತೆವು. ಸ್ವಲ್ಪ ಹೊತ್ತಿನ ಮೇಲೆ ನನಗೆ ಒಂದು ಸದ್ದು ಕೇಳತೊಡಗಿತು. ಏರುವುದು, ಇಳಿಯುವುದು, ಮತ್ತೆ ಏರುವುದು. ಅಷ್ಟೂ ಹೆಂಗಸರ ಉಸಿರು ಸೇರಿ ನಮ್ಮೂರಿನ ಶಾಂತ ದಿನದ ಕಡಲಿನಂತೆ ಕೇಳುತ್ತಿತ್ತು. ನಾನು ಎಲ್ಲಿದ್ದೇನೆ ಎಂಬುದೇ ಒಂದು ಗಳಿಗೆ ಮರೆತುಹೋಯಿತು.

ಎರಡನೆಯ ದಿನ

ಬೆಳಗ್ಗೆ ಎಲ್ಲರೂ ನಾಚಿಕೊಂಡಿದ್ದರು. ಎಲಿಸಬೇತಮ್ಮ ಬೈದರು. ಹೆಂಗಸರು ತಲೆ ತಗ್ಗಿಸಿ, ಮುಖ ತೊಳೆದು, ಬೆನ್ನು ನೆಟ್ಟಗೆ ಮಾಡಿ ಕುಳಿತು ಬೆಳಗಿನ ಪಾಠ ಕೇಳಿದರು. ಮಧ್ಯಾಹ್ನದ ಪಾಠಕ್ಕೆ ಮುಂಚೆ ಊಟ ಬೇಡವೆಂದು ಎಲಿಸಬೇತಮ್ಮ, ಬೇಕೆಂದು ಅಯ್ಯನವರು. ಇವತ್ತು ಮುದ್ದೆಯಲ್ಲಿ ಗಂಟಿಲ್ಲ, ಬಿಸಿಯಾಗಿ ತಿನ್ನಲೇಬೇಕೆಂದು ಅವರ ಹಟ. ಉಂಡರು. ತೋಪಿಗೆ ಬಂದರು. ಒಬ್ಬರನ್ನೊಬ್ಬರು ಚಿವುಟಿಕೊಂಡರು. ಆಮೇಲೆ ಗಾಳಿ ಬಂತು, ಹುಣಸೆಹಣ್ಣು ಬಿತ್ತು, ಒಬ್ಬೊಬ್ಬರಾಗಿ ಮಲಗಿದರು.

ಗಾಡಿ ಬಂದು ನಿಂತದ್ದು ಆಗಲೇ. ಮೊದಲು ಇಳಿದವರು ಕೋಟು ತೊಟ್ಟು ಕೊಡೆ ಹಿಡಿದ ಹಿರಿಯರೊಬ್ಬರು. ಹಿಂದೆ ಬಿಳಿ ಟೊಪ್ಪಿಗೆಯ ಮಿಸ್ಸಮ್ಮ. ಹಿರಿಯರು ತೋಪಿನ ಅಂಚಿನಲ್ಲಿ ನಿಂತು, ಮಲಗಿದ್ದವರನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದರು.

“ಏನಿದು? ಸಭೆಯೋ, ಧರ್ಮಛತ್ರವೋ?” ಅವರ ಧ್ವನಿ ದೊಡ್ಡದು. “ಹುಣಸೆ ಮರದ ಕೆಳಗೆ ಹೀಗೆ...”

ನಾನು ಎದ್ದು ಏನಾದರೂ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಎಲಿಸಬೇತಮ್ಮ ಅವರ ಎದುರಿಗೆ ಹೋಗಿ ನಿಂತಿದ್ದರು. ಈಗ ಎಲ್ಲರನ್ನೂ ಒದ್ದು ಎಬ್ಬಿಸುತ್ತಾರೆ ಎಂದೇ ನಾನು ಭಾವಿಸಿದೆ. ಅವರು ತುಟಿಯ ಮೇಲೆ ಬೆರಳಿಟ್ಟರು.

“ಸ್ವಲ್ಪ ಮೆಲ್ಲಗೆ ಮಾತಾಡಿ ಸ್ವಾಮಿ. ಎದ್ಬುಡ್ತಾರೆ.”

ಹಿರಿಯರು ಬಾಯಿ ತೆರೆದವರು ಹಾಗೇ ಉಳಿದರು. ಎಲಿಸಬೇತಮ್ಮ ಸೆರಗು ಸಿಕ್ಕಿಸಿಕೊಂಡರು. ನಿಂತ ಜಾಗ ಬಿಡಲಿಲ್ಲ. ಮಿಸ್ಸಮ್ಮ ಟೊಪ್ಪಿಗೆ ತೆಗೆದು ಒಂದು ಬೇರಿನ ಮೇಲೆ ಕುಳಿತರು. ಹಿರಿಯರೂ ಕೊಡೆ ಮಡಿಸಿ ಕುಳಿತುಕೊಳ್ಳಬೇಕಾಯಿತು. ಬೆಟ್ಟ ಬಿಳುಪಿನಿಂದ ಕಂದಿಗೆ ತಿರುಗುವವರೆಗೂ ನಾವೆಲ್ಲ ಹಾಗೆ ಕುಳಿತಿದ್ದೆವು. ಅಷ್ಟು ದೀರ್ಘವಾದ, ಅಷ್ಟು ಸುಮ್ಮನಿದ್ದ ಮಧ್ಯಾಹ್ನವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎಲ್ಲರೂ ಎದ್ದ ಮೇಲೆ ಹಿರಿಯರು ವಿಚಾರಣೆಗೆ ತೊಡಗಿದರು. “ಈ ಎರಡು ದಿನದಲ್ಲಿ ಏನೇನು ಕಲಿತಿರಿ?”

ಹೆಂಗಸರು ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದರು. ಕೊನೆಗೆ ಸಂತೋಷಮ್ಮ ಕೂಸನ್ನು ಸೊಂಟಕ್ಕೇರಿಸಿಕೊಂಡು ಎದ್ದು ನಿಂತಳು. “ಸುಳ್ಳು ಯಾಕ್ ಹೇಳ್ಲಿ ಸ್ವಾಮಿ. ಕಲ್ತಿದ್ದು ಗೊತ್ತಾಗ್ಲಿಲ್ಲ. ನಿದ್ದೆ ಮಾತ್ರ ಬೋ ಚೆಂದಾಗ್ ಬಂತು. ನಾನು ಮದ್ವೆ ಆದ್ಮೇಲೆ ಹಗಲೊತ್ತು ಮಲಗಿದ್ದೇ ಇಲ್ಲ.”

ಮಿಸ್ಸಮ್ಮ ಮುನ್ಷಿಯಿಂದ ಕಲಿತ ಕನ್ನಡದಲ್ಲಿ, “ಒಳ್ಳೆಯದು. ಒಳ್ಳೆಯದು” ಎಂದು ಎರಡು ಸಲ ಹೇಳಿದರು. ಅದು ಸಂತೋಷಮ್ಮನಿಗೆ ಹೇಳಿದ್ದೋ, ಬೇರೆ ಮಾತು ತೋಚದೆ ಹೇಳಿದ್ದೋ ನನಗೆ ತಿಳಿಯಲಿಲ್ಲ.

ಹೊರಡುವ ಮುನ್ನ ಹಿರಿಯರು ತೀರ್ಮಾನ ತಿಳಿಸಿದರು. ಇಂಥ ಕೂಟ ಇನ್ನು ಬೇಡ. ಎಲಿಸಬೇತಮ್ಮನ ಕೆಲಸ ಈಸ್ಟರ್ ಹಬ್ಬದವರೆಗೆ, ಆಮೇಲೆ ನೋಡೋಣ. ‘ನೋಡೋಣ’ ಎಂಬ ಆ ಒಂದು ಮಾತು ಮಿಸ್ಸಮ್ಮನ ಬಾಯಿಂದ ಬಂದದ್ದು.

ಮೂರನೆಯ ದಿನ ನಾನು ಪರೀಕ್ಷೆ ಮಾಡಲಿಲ್ಲ. ಬೆಳಗ್ಗೆ ಹೆಂಗಸರು ತಾವಾಗಿಯೇ ಬಂದು ಕುಳಿತು, “ಆ ಮೊದಲ್ನೇ ದಿನದ ಪಾಠ ಇನ್ನೊಂದ್ಸಲ ಹೇಳಿ ಅಮ್ಮ, ಅರ್ಧ ಕೇಳಿದ್ವಿ” ಎಂದರು. ಎಚ್ಚರವಾಗಿರುವುದರ ಬಗ್ಗೆ ಮತ್ತೆ ಹೇಳಿದೆ. ಈ ಸಲ ಎಲ್ಲರ ಕಣ್ಣೂ ನನ್ನ ಮೇಲಿತ್ತು. ಸಾಕಷ್ಟು ನಿದ್ದೆ ಮಾಡಿ ಎದ್ದ ಕಣ್ಣು ಹೇಗೆ ಹೊಳೆಯುತ್ತದೆಂದು ಶಾಲೆಯ ಮಕ್ಕಳಲ್ಲಿ ಕಂಡಿದ್ದೆ. ದೊಡ್ಡವರಲ್ಲಿ ಅದೇ ಮೊದಲು.

ಶಿರಾ ಕಡೆಗೆ

ತುಮಕೂರಿನ ಬಸ್ಸು ಒಲೆ ಒಡೆದು ಕೂತಿತ್ತು. ಶಿರಾಕ್ಕೆ ಹೋದರೆ ಅಲ್ಲಿಂದ ರೈಲಿನ ಕಡೆಗೆ ಇನ್ನೊಂದು ಬಸ್ಸು ಸಿಗುತ್ತದೆಂದರು. ರಸೂಲ್ ಸಾಬರೂ ಊರಿಗೆ ಹೊರಟಿದ್ದರು. ಎಲಿಸಬೇತಮ್ಮ ಶಿರಾದವರೆಗೆ ನನ್ನನ್ನು ಬಿಟ್ಟುಬರುತ್ತೇನೆಂದು ಗಾಡಿ ಹತ್ತಿದರು.

ಊರು ದಾಟಿದ ಮೇಲೆ ನಾನು ಕೇಳಿದೆ: “ನನ್ನ ಮೇಲೆ ಬೇಜಾರುಂಟಾ?”

“ಇತ್ತು” ಎಂದರು. “ಆವತ್ತು ನೀವು ಬುಡಿ ಅಂದ್ರಲ್ಲ, ಆಗ ಸಿಟ್ಟು ಬಂದಿತ್ತು. ನಾಕು ತಾಲ್ಲೂಕ್ನಾಗೂ ನಡ್ದು ನಡ್ದು ಅವ್ರಿಗೆ ‘ವಿಶ್ರಾಂತಿ ಕೊಡ್ತಾನೆ ದೇವ್ರು’ ಅಂತ ಹೇಳ್ಕೊಂಡ್ ಬಂದೋಳು ನಾನು. ಅವ್ರು ವಿಶ್ರಾಂತಿ ತಗಂಡಾಗ ನಾನೇ ಎಬ್ಸಾಕ್ ಹೋದ್ನಲ್ಲ.” ಆಮೇಲೆ ನಕ್ಕರು. “ಆದ್ರೂ ಈಸ್ಟರ್ ಆದ್ಮೇಲೆ ಊಟಕ್ಕೆ ಏನ್ ಮಾಡ್ತೀನೋ ಗೊತ್ತಿಲ್ಲ.”

ಕೂಟ ಸೋತಿತೋ ಗೆದ್ದಿತೋ ಎಂದು ನಾನು ಆ ದಾರಿಯುದ್ದಕ್ಕೂ ಯೋಚಿಸಿದೆ. ಒಬ್ಬರೂ ಹೊಸದಾಗಿ ಸಭೆಗೆ ಸೇರಲಿಲ್ಲ. ಬೆಳಗಿನ ಪಾಠ ಬಿಟ್ಟು ಉಳಿದ ಯಾವುದೂ ಪೂರ್ತಿ ನಡೆಯಲಿಲ್ಲ. ನನ್ನ ಜೊತೆ ಕುಳಿತವರ ಕೆಲಸ ತೂಗುಯ್ಯಾಲೆಯಲ್ಲಿತ್ತು. ಆದರೂ ಒಳಗೆ ಒಂದು ಸಮಾಧಾನ ಇದ್ದೇ ಇತ್ತು; ಅದು ಎಲ್ಲಿಂದ ಬಂತೆಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ಬಿಸಿಲು ಜೇನಿನಂತೆ ಹರಡಿತ್ತು. ಕುರಿಮಂದೆಯೊಂದು ರಸ್ತೆ ದಾಟುವವರೆಗೂ ಗಾಡಿ ನಿಂತಿತು, ಧೂಳು ಎದ್ದು ನಿಂತಿತು, ನನ್ನ ಯೋಚನೆಯೂ ಅಲ್ಲೇ ನಿಂತಿತು.

ಮುಂದೆ ಒಂದು ಹಳ್ಳಿಯ ಬಾವಿಯ ಹತ್ತಿರ ಹೆಂಗಸರ ಗುಂಪು. ವಿಭೂತಿ ಹಚ್ಚಿದವರು, ದೊಡ್ಡ ಕುಂಕುಮದವರು. ಒಬ್ಬರು ಗಾಡಿಗೆ ಕೈ ಅಡ್ಡ ಹಿಡಿದರು.

“ಅಮ್ಮಣ್ಣಿ, ಮಧುಗಿರೀಲಿ ಹೆಂಗಸ್ರನ್ನ ಮಲಗ್ಸೋ ಕೂಟ ಮಾಡಿದ್ರಂತಲ್ಲ, ಅವ್ರು ನೀವೇನಾ?”

ನಾವು ಮುಖ ಮುಖ ನೋಡಿಕೊಂಡೆವು. ಸುದ್ದಿ ನಮ್ಮ ಎತ್ತುಗಳಿಗಿಂತ ಮುಂದೆ ಬಂದಿತ್ತು.

“ನಮ್ಮೂರ್ನಾಗೂ ಮಾಡ್ತೀರಾ? ನಮ್ ಜಾತಿ ಬ್ಯಾರೆ, ಆದ್ರೆ ಆಗಾಕಿಲ್ವಾ? ಮಾವಿನ ತೋಪೈತೆ. ಗಂಡಸ್ರು ಶಿರಾ ಸಂತೆಗೆ ಹೋಗವ್ರೆ, ಬರಾದು ಸಂಜೀಕೆ.”

ಎಲಿಸಬೇತಮ್ಮ ನನ್ನ ಕಿವಿಯ ಹತ್ತಿರ ಬಾಗಿ, ಈ ಊರಿನಲ್ಲಿ ಇಷ್ಟು ವರ್ಷವಾದರೂ ಯಾರೂ ತಮ್ಮನ್ನು ಜಗಲಿಯ ಮೇಲೆ ಕೂರಲು ಕರೆದವರಲ್ಲ ಎಂದರು. ಹೇಳುತ್ತಲೇ ಚೀಲ ಹೆಗಲಿಗೇರಿಸಿ ಗಾಡಿಯಿಂದ ಇಳಿದರು.

“ನೀವು ಹೋಗಿ ಟೀಚರಮ್ಮ, ಬಸ್ಸು ತಪ್ಪೋಯ್ತದೆ.”

“ನೀವು ಒಬ್ಬರೇ ಏನು ಮಾಡುತ್ತೀರಿ?”

“ಕೂಸುಗಳ್ನ ನೋಡ್ಕಂತೀನಿ. ನೊಣ ಓಡಿಸ್ತೀನಿ.”

ಹೆಂಗಸರು ಕೊಡಗಳನ್ನು ಬಾವಿಯ ಕಟ್ಟೆಯ ಮೇಲೆಯೇ ಬಿಟ್ಟು, ಆಗಲೇ ತೋಪಿನ ಕಡೆ ಹೊರಟಿದ್ದರು. ಒಬ್ಬಾಕೆ ಮನೆಗೆ ಓಡಿ ಕಂಬಳಿ ತಂದಳು. ರಸೂಲ್ ಸಾಬರು ಎತ್ತಿನ ಹಗ್ಗ ಹಿಡಿದು ಕೂಗಿ ಕೇಳಿದರು: “ಅರೆ, ವಾಪಸ್ ಕರ್ಕೊಂಡ್ ಹೋಗಾಕೆ ಯಾವಾಗ ಬರ್ಲಿ ಅಮ್ಮಾ?”

ಎಲಿಸಬೇತಮ್ಮ ಮಾವಿನ ನೆರಳಿನ ಅಂಚಿನಲ್ಲಿ ನಿಂತು ತಿರುಗಿ ನೋಡಿದರು.

“ಇವ್ರೆಲ್ಲಾ ಎದ್ಮೇಲೆ.”